ವಾರಕ್ಕೆ ಮೂರು ಗಂಟೆ

ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅಧ್ಯಾಪಕಿ, ತನಗೆ ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಕಲಿಸಿ ಈಗ ನಿವೃತ್ತರಾಗಿರುವ ಮೇಷ್ಟ್ರ ಮನೆಗೆ ಬಂದಿದ್ದಾಳೆ. ಪದವಿ ವಿದ್ಯಾರ್ಥಿಗಳು ತಮ್ಮ ಮುಖ್ಯ ವಿಷಯಗಳ ಜೊತೆಗೆ ಹೊರಗಿನದೊಂದನ್ನು ಓದಬೇಕೋ ಬೇಡವೋ ಎಂದು ಅವಳು ಅಧ್ಯಯನ ಮಂಡಳಿಗೆ ಅಭಿಪ್ರಾಯ ಬರೆದುಕೊಡಬೇಕಾಗಿದೆ.

ಶಿಷ್ಯೆ: ಬೇಡ ಅಂತಲೇ ಬರೆಯೋಣ ಅಂದುಕೊಂಡಿದ್ದೀನಿ ಸರ್. ಬಿಎಸ್ಸಿ ಮಕ್ಕಳು ಬಿಎಸ್ಸಿ ಓದಲಿ, ಬಿಎ ಮಕ್ಕಳು ಬಿಎ ಓದಲಿ.

ಮೇಷ್ಟ್ರು: ಇಷ್ಟು ಖಚಿತವಾಗಿದ್ದರೆ ನನ್ನ ಹತ್ತಿರ ಯಾಕಮ್ಮ ಬಂದೆ?

ಶಿಷ್ಯೆ: ನೀವು ಬೇಕು ಅಂತೀರಿ ಅಂತ ಗೊತ್ತು. ಅದನ್ನು ಕೇಳಿಸಿಕೊಳ್ಳದೆ ಬರೆದರೆ ಸಮಾಧಾನ ಇರೋದಿಲ್ಲ. ಆದರೆ ಮೊದಲು ನನ್ನದನ್ನು ಪೂರ್ತಿ ಕೇಳಿಬಿಡಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ನಮ್ಮ ರಾಜ್ಯ. ಅದರ ಜೊತೆ ಓಪನ್ ಎಲೆಕ್ಟಿವ್ ಬಂತು. ತನ್ನ ವಿಭಾಗ ಬಿಟ್ಟು ಬೇರೆ ವಿಭಾಗದ ಒಂದು ವಿಷಯವನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು, ವಾರಕ್ಕೆ ಮೂರು ಗಂಟೆ. ಆದೇಶ ಓದಿದಾಗ ನನಗೂ ಖುಷಿಯಾಗಿತ್ತು. ನಮ್ಮಲ್ಲಿ ಆಗಿದ್ದೇನು? ವಿಷಯ ಆರಿಸಿದ್ದು ಮಕ್ಕಳಲ್ಲ, ಟೈಮ್‌ಟೇಬಲ್. ಯಾವ ವಿಭಾಗಕ್ಕೆ ವರ್ಕ್‌ಲೋಡ್ ಸಾಲದೋ ಆ ವಿಭಾಗಕ್ಕೆ ಒಂದು ಸೆಕ್ಷನ್ ಕೊಟ್ಟುಬಿಟ್ಟರು. ಅರ್ಥಶಾಸ್ತ್ರ ಕೇಳಿದವಳನ್ನು ಇನ್ನೆಲ್ಲೋ ಕೂರಿಸಿದರು. ಎರಡು ಮೂರು ಸೆಕ್ಷನ್ ಸೇರಿಸಿ ಒಂದೇ ಹಾಲ್‌ನಲ್ಲಿ ಪಾಠ. ಪರೀಕ್ಷೆ ಹತ್ತಿರ ಬಂದಾಗ ಜೆರಾಕ್ಸ್ ಅಂಗಡಿಯಲ್ಲಿ ನೋಟ್ಸು. ಆ ವಿಷಯದ ಹೆಸರು ಕೇಳಿದರೆ ಈಗ ನಮ್ಮ ಹುಡುಗರಲ್ಲಿ ಅರ್ಧ ಜನಕ್ಕೆ ನೆನಪೇ ಇಲ್ಲ.

ಮೇಷ್ಟ್ರು: ಅದರಲ್ಲಿ ಅಧ್ಯಾಪಕರನ್ನು ಬೈಯೋ ಹಾಗಿಲ್ಲ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ನಡೀತಿರೋದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ಗಂಟೆ ಇದ್ದರೆ ಅವರಿಗೆ ಅನ್ನ. ಮೂರು ಗಂಟೆ ಹೆಚ್ಚಿಗೆ ಸಿಗುತ್ತೆ ಅಂದಾಗ ವಿಭಾಗದವರು ಆ ಗಂಟೆಗಾಗಿ ಹೋರಾಡದೆ ಇರೋಕಾಗುತ್ತಾ?

ಶಿಷ್ಯೆ: ಬೈತಾ ಇಲ್ಲ. ಅವರ ಸಂಬಳದ ಪ್ರಶ್ನೆಯನ್ನು ಮಕ್ಕಳ ಓದಿನ ಹೆಸರಲ್ಲಿ ಬಗೆಹರಿಸಬಾರದು ಅಂತಿದ್ದೀನಿ. 2024ರಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು ಮತ್ತೆ ಮೂರು ವರ್ಷ, ಮೂರು ವಿಷಯ ಅಂದಾಗ ನಾನು ನೆಮ್ಮದಿಪಟ್ಟೆ. ಯಾಕೆ ಅಂತ ಹೇಳ್ತೀನಿ. ನನ್ನ ಕ್ಲಾಸಿಗೆ ಬರೋರಲ್ಲಿ ಹೆಚ್ಚಿನವರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪಿಯುಸಿ ಸೈನ್ಸಿಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷು. ಎರಡು ವರ್ಷ ಅದರ ಜೊತೆ ಗುದ್ದಾಡೋದರಲ್ಲೇ ಹೋಗುತ್ತೆ. ಡಿಗ್ರಿಗೆ ಬಂದಾಗ ಮೋಲ್ ಅಂದರೇನು, ಮೋಲಾರಿಟಿ ಅಂದರೇನು ಅನ್ನೋದೇ ಗಟ್ಟಿಯಾಗಿರೋದಿಲ್ಲ. ಬೆಳಿಗ್ಗೆ ಹಾಲು ಡೈರಿಗೆ ಹಾಕಿ, ಬಸ್ಸು ಹಿಡಿದು ಬರ್ತಾರೆ. ಪ್ರಾಕ್ಟಿಕಲ್ ಮುಗಿಯೋ ಹೊತ್ತಿಗೆ ಊರಿನ ಬಸ್ಸು ಹೋಗಿರುತ್ತೆ. ಆ ಮೂರು ಗಂಟೆ ನನಗೆ ಕೊಡಿ ಸರ್, ಕೆಮಿಸ್ಟ್ರಿಯನ್ನು ಸರಿಯಾಗಿ ಕಲಿಸ್ತೀನಿ. ಒಂದು ವಿಷಯವನ್ನಾದರೂ ಆಳವಾಗಿ ಬಲ್ಲವರಾಗಿ ಹೋಗಲಿ.

ಮೇಷ್ಟ್ರು: ಆಳ ಬೇಕು ಅನ್ನೋದರಲ್ಲಿ ನನ್ನ ತಕರಾರಿಲ್ಲ. ಒಂದು ಪ್ರಶ್ನೆ ಕೇಳ್ತೀನಿ. ನಿನ್ನ ಈ ಬಿಎಸ್ಸಿ ಹುಡುಗಿ ಇತಿಹಾಸದ ಪುಸ್ತಕವನ್ನು ಕೊನೆಯ ಸಲ ತೆರೆದದ್ದು ಯಾವಾಗ?

ಶಿಷ್ಯೆ: ಎಸ್ಸೆಸ್ಸೆಲ್ಸಿಯಲ್ಲಿ.

ಮೇಷ್ಟ್ರು: ಅಂದರೆ ಹದಿನೈದು, ಹದಿನಾರರ ವಯಸ್ಸಿಗೆ. ಬಿಎ ಹುಡುಗ ವಿಜ್ಞಾನ ಬಿಟ್ಟದ್ದೂ ಆಗಲೇ. ನಮ್ಮಲ್ಲಿ ಕವಲು ಒಡೆಯೋದು ವಿಶ್ವವಿದ್ಯಾಲಯದಲ್ಲಲ್ಲ, ಹತ್ತನೇ ತರಗತಿಯ ಅಂಕಪಟ್ಟಿ ಕೈಗೆ ಬಂದ ವಾರದಲ್ಲಿ. ಅಪ್ಪನೋ ಅಣ್ಣನೋ ಪಕ್ಕದ ಮನೆಯವರೋ ಸೈನ್ಸು, ಕಾಮರ್ಸು, ಆರ್ಟ್ಸು ಅಂತ ತೀರ್ಮಾನ ಮಾಡ್ತಾರೆ. ಆ ಮಗು ವೋಟು ಹಾಕೋಕೆ ಇನ್ನೂ ಎರಡು ಮೂರು ವರ್ಷ ಬಾಕಿ ಇರುತ್ತೆ. ಆ ವಯಸ್ಸಲ್ಲಿ ಓದಿದ ಇತಿಹಾಸ ಅಂದರೆ ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ. ದೊಡ್ಡವರ ಬುದ್ಧಿಯಿಂದ, ಯಾಕೆ ಹೀಗಾಯಿತು ಅಂತ ಕೇಳಿಕೊಂಡು ಓದೋ ಅವಕಾಶ ಅವಳಿಗೆ ಒಂದು ಸಲವೂ ಸಿಗಲಿಲ್ಲ. ನೀನು ಬೇಡ ಅಂತ ಬರೆದರೆ ಇನ್ನು ಸಿಗೋದೂ ಇಲ್ಲ.

ಶಿಷ್ಯೆ: ಅವರೇ ಆಮೇಲೆ ಓದ್ತಾರಲ್ಲ ಸರ್. ಡಿಗ್ರಿ ಮುಗಿಸಿ ಕೆಪಿಎಸ್‌ಸಿ ಪರೀಕ್ಷೆಗೆ ಅಂತ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ಸೇರ್ತಾರೆ. ಅಲ್ಲಿ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ ಎಲ್ಲ ಓದ್ತಾರೆ.

ಮೇಷ್ಟ್ರು: ಅದನ್ನೇ ನಾನು ಹೇಳಬೇಕು ಅಂತಿದ್ದೆ. ಬಿಎಸ್ಸಿ ಮುಗಿಸಿದ ಹುಡುಗ ಪಿಜಿ ರೂಮಿಗೆ ಬಾಡಿಗೆ ಕಟ್ಟಿ, ಫೀಸು ಕಟ್ಟಿ, ಕಾಲೇಜಿನಲ್ಲಿ ಪುಕ್ಕಟೆ ಸಿಗಬೇಕಾಗಿದ್ದನ್ನು ಕೊಂಡುಕೊಳ್ತಾನೆ. ಅಲ್ಲಿ ಅವನಿಗೆ ಸಿಗೋದೇನು? ಕದನ ನಡೆದ ವರ್ಷ, ನಾಲ್ಕರಲ್ಲಿ ಒಂದು ಉತ್ತರ. ಅವನಪ್ಪ ಅದಕ್ಕಾಗಿ ಸಾಲ ಮಾಡಿರ್ತಾನೆ.

ಶಿಷ್ಯೆ: ಅದು ನಿಜ. ನಮ್ಮ ಅಟೆಂಡರ್ ಮಗನೂ ಹಾಗೇ ಹೋಗಿದ್ದಾನೆ.

ಮೇಷ್ಟ್ರು: ಕೋಲಾರದ ಮಾತಿಗೇ ಬರೋಣ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ಪೈಪಿನಲ್ಲಿ ತಂದು, ಲಕ್ಷ್ಮೀಸಾಗರ ಕೆರೆಯಿಂದ ಶುರು ಮಾಡಿ ಒಂದೊಂದೇ ಕೆರೆ ತುಂಬಿಸೋ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ಅಂತ ಲೆಕ್ಕ. ಒಣಗಿ ಬಿರಿದಿದ್ದ ಕೆರೆಗಳಲ್ಲಿ ನೀರು ಕಂಡು ರೈತರು ಪೂಜೆ ಮಾಡಿದರು. ಅದೇ ಹೊತ್ತಿಗೆ ನೊರೆ ಕಂಡಿತು ಅಂತ ಗಲಾಟೆಯಾಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೆಲವರು ಹೈಕೋರ್ಟಿಗೆ ಹೋದರು, ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ನಿಮ್ಮ ಕಾಲೇಜಿನ ಮಕ್ಕಳ ಹೊಲಕ್ಕೆ, ಬೋರ್‌ವೆಲ್ಲಿಗೆ, ಟೊಮೆಟೊಗೆ ನೇರ ಸಂಬಂಧಪಟ್ಟ ವಿಷಯ ಅದು. ನಿನ್ನ ಕೆಮಿಸ್ಟ್ರಿ ಮಕ್ಕಳು ಆ ಜಗಳದಲ್ಲಿ ಏನು ಮಾತಾಡಿದರು?

ಶಿಷ್ಯೆ: ಏನೂ ಮಾತಾಡಲಿಲ್ಲ.

ಮೇಷ್ಟ್ರು: ಕೆಮಿಸ್ಟ್ರಿ ಬರುತ್ತಿರಲಿಲ್ಲವಾ?

ಶಿಷ್ಯೆ: ಬರುತ್ತಿತ್ತು. ನೀರಿನ ಗಡಸುತನ ಅಳೆಯೋದು ಡಿಗ್ರಿಯ ಮಾಮೂಲಿ ಪ್ರಾಕ್ಟಿಕಲ್. ಇಡಿಟಿಎ ಹಾಕಿ ಟೈಟ್ರೇಷನ್ ಮಾಡ್ತಾರೆ. ಕೆಂಪಗಿರೋದು ನೀಲಿಗೆ ತಿರುಗಿದ ಕೂಡಲೇ ನಿಲ್ಲಿಸಿ ರೀಡಿಂಗ್ ಬರೆದುಕೊಳ್ತಾರೆ. ರೆಕಾರ್ಡಿಗೆ ಸಹಿ ಹಾಕಿಸ್ಕೊಳ್ತಾರೆ. ಆದರೆ ಆ ನೀರು ಯಾವ ಊರಿನದು ಅಂತ ಕೇಳೋದಿಲ್ಲ. ನಾನೂ ಹೇಳೋದಿಲ್ಲ, ಯಾಕೆಂದರೆ ಅದು ನಾವೇ ಲ್ಯಾಬಲ್ಲಿ ಬೆರೆಸಿಟ್ಟ ನೀರು.

ಮೇಷ್ಟ್ರು: ಆ ಜಗಳ ನಡೆದ ರೀತಿ ನೋಡು. ಎರಡನೇ ಹಂತ ಸಾಕಾ ಅನ್ನೋದು ರಸಾಯನಶಾಸ್ತ್ರದ ಪ್ರಶ್ನೆ. ಮೂರನೇ ಹಂತಕ್ಕೆ ದುಡ್ಡು ಯಾರು ಕೊಡಬೇಕು ಅನ್ನೋದು ಅರ್ಥಶಾಸ್ತ್ರದ್ದು. ಬೆಂಗಳೂರು ಬಳಸಿ ಬಿಟ್ಟ ನೀರು ಕೋಲಾರಕ್ಕೆ ಯಾಕೆ ಅನ್ನೋದು ರಾಜಕೀಯದ ಪ್ರಶ್ನೆ. ಈ ಕೆರೆಗಳು ಹಿಂದೆ ಯಾರ ಕೈಯಲ್ಲಿದ್ದವು, ಯಾವಾಗ ಹಾಳುಬಿದ್ದವು ಅನ್ನೋದು ಇತಿಹಾಸದ್ದು. ಇದನ್ನೆಲ್ಲ ಒಬ್ಬಳೇ ಬಗೆಹರಿಸಬೇಕಿಲ್ಲ. ಆದರೆ ತನಗೆ ಗೊತ್ತಿರೋದು ಇದರಲ್ಲಿ ಎಲ್ಲಿ ಕೂರುತ್ತೆ ಅಂತ ಗೊತ್ತಿಲ್ಲದವಳು ಬಾಯಿ ತೆರೆಯೋದಾದರೂ ಹೇಗೆ? ಗ್ರಾಮಸಭೆಯಲ್ಲಿ ಎಂಜಿನಿಯರು ಬಂದು ನಾಲ್ಕು ಅಂಕಿ ಹೇಳಿ ಹೋದರೆ, ಅದೇ ಅಂಕಿಯನ್ನು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬರೆದು ಪಾಸಾದ ಹುಡುಗಿ ಹಿಂದಿನ ಸಾಲಲ್ಲಿ ಸುಮ್ಮನೆ ಕೂತಿರ್ತಾಳೆ. ನನಗೆ ಸಂಕಟ ಆಗೋದು ಅಲ್ಲಿ.

ಶಿಷ್ಯೆ: ಅದಕ್ಕೆ ಇತಿಹಾಸದ ಪೇಪರ್ ಯಾಕೆ ಬೇಕು? ನಾನೇ ನನ್ನ ಕೆಮಿಸ್ಟ್ರಿ ಕ್ಲಾಸಲ್ಲಿ ಲಕ್ಷ್ಮೀಸಾಗರದ ನೀರು ತಂದು ಅಳೆಸಬಹುದು. ಇದನ್ನು ನನ್ನ ಪಾಠದ ಕೊರತೆ ಅಂತ ಬೇಕಾದರೆ ಒಪ್ಪಿಕೊಳ್ತೀನಿ.

ಮೇಷ್ಟ್ರು: ಅಳೆಸು, ಖಂಡಿತ ಅಳೆಸು. ಅಳೆದಾದ ಮೇಲೆ ಅವಳು ಏನು ಮಾಡ್ತಾಳೆ? ಕಾಗದ, ಸಾಕ್ಷ್ಯ, ಕಾನೂನು ಇವನ್ನು ಓದೋದು ಬೇರೆಯೇ ಒಂದು ಕೆಲಸ. ಅದನ್ನು ಅದೇ ಕೆಲಸ ಮಾಡೋರ ಹತ್ತಿರ ಕಲೀಬೇಕು. ನಾನು ಮೂವತ್ತು ವರ್ಷ ಎಲೆ, ಬೇರು ಕೊಯ್ದು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ನನಗೆ ಶಾಸನ ಓದಿಸೋಕೆ ಬರೋದಿಲ್ಲ. ಗೊತ್ತಿಲ್ಲದವನು ತನ್ನ ವಿಷಯದ ನಡುವೆ ಎರಡು ಮಾತು ಇತಿಹಾಸ ಸೇರಿಸಿ ಹೇಳಿದರೆ ಅದು ಇತಿಹಾಸ ಆಗೋದಿಲ್ಲ.

ಶಿಷ್ಯೆ: ನೀವೇ ನಮಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಓದಿಸಿದಿರಿ.

ಮೇಷ್ಟ್ರು: ಸಿಲಬಸ್ಸಲ್ಲಿ ಇರಲಿಲ್ಲ. ಸಸ್ಯಶಾಸ್ತ್ರದ ಪ್ರವಾಸಕ್ಕೆ ಹೋಗೋ ಮುಂಚೆ ಓದಿಕೊಂಡು ಬನ್ನಿ ಅಂದಿದ್ದೆ. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರ ಹತ್ತಿರ ಸಂಶೋಧನೆ ಮಾಡಿದವರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಬರೆದ ಕನ್ನಡ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಅದಕ್ಕೂ ಮುಂಚಿನ ತಲೆಮಾರಿಗೆ ಹೋಗು. ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡ್ತಿದ್ದರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ‘ವಿಜ್ಞಾನ’ ಅಂತ ಕನ್ನಡ ಮಾಸಪತ್ರಿಕೆ ತಂದರು. ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಭೌತಶಾಸ್ತ್ರದ ಮೇಷ್ಟ್ರು ಹಳಗನ್ನಡ ಕಾವ್ಯದ ಪಾಠ ಪರಿಷ್ಕರಿಸ್ತಾರೆ ಅಂದರೆ ಆಗ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಶಿಷ್ಯೆ: ಸರ್, ಇಲ್ಲಿ ನಾನು ನಿಮ್ಮನ್ನು ತಡೀಬೇಕು. ಸ್ವಾಮಿಯವರ ತಂದೆ ಯಾರು? ಡಿ.ವಿ. ಗುಂಡಪ್ಪನವರು. ಆ ಮನೆಯಲ್ಲಿ ಹುಟ್ಟಿದವರಿಗೆ ಓಪನ್ ಎಲೆಕ್ಟಿವ್ ಬೇಕಿರಲಿಲ್ಲ. ಬೆಳ್ಳಾವೆಯವರಿಗೂ ಹಳಗನ್ನಡವನ್ನು ಯಾವ ಟೈಮ್‌ಟೇಬಲ್ಲೂ ಕಲಿಸಲಿಲ್ಲ. ಬಲ್ಲವರು ತಾವಾಗಿ ಓದಿಕೊಂಡರು ಅನ್ನೋದಕ್ಕೆ ಇವರು ಉದಾಹರಣೆ, ಕಡ್ಡಾಯ ಮಾಡಬೇಕು ಅನ್ನೋದಕ್ಕಲ್ಲ. ಆಸೆ ಇರೋರು ಗ್ರಂಥಾಲಯಕ್ಕೆ ಹೋಗಿ ಓದ್ತಾರೆ.

ಮೇಷ್ಟ್ರು: ಸರಿಯಾಗಿ ಹೇಳಿದೆ. ಹಾಗಾದರೆ ಇದನ್ನೂ ಹೇಳು, ನಿನ್ನ ಕ್ಲಾಸಲ್ಲಿ ಡಿ.ವಿ.ಜಿ.ಯವರಂಥ ತಂದೆ ಎಷ್ಟು ಮಕ್ಕಳಿಗಿದ್ದಾರೆ?

ಶಿಷ್ಯೆ: ಯಾರಿಗೂ ಇಲ್ಲ. ಎಷ್ಟೋ ಮಕ್ಕಳ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಇನ್ನೊಂದು ಪುಸ್ತಕ ಇಲ್ಲ.

ಮೇಷ್ಟ್ರು: ಮನೆಯಲ್ಲಿ ಪುಸ್ತಕ ಇರೋನಿಗೆ ಕಾಲೇಜು ಕಲಿಸದಿದ್ದರೂ ನಡೆಯುತ್ತೆ. ಊಟಕ್ಕೆ ಕೂತಾಗ ಅಪ್ಪ ಅಮ್ಮ ಬಜೆಟ್ಟಿನ ಬಗ್ಗೆ ಮಾತಾಡ್ತಾರೆ, ಸಂಗೀತ ಕಚೇರಿಗೆ ಕರಕೊಂಡು ಹೋಗ್ತಾರೆ. ನಿನ್ನ ಹುಡುಗಿಗೆ ಬೇರೆ ಲೋಕ ಅಂತ ಒಂದು ಕಾಣಿಸಿದರೆ ಅದು ಕಾಲೇಜಿನ ಗೇಟಿನೊಳಗೆ ಮಾತ್ರ. ಮೂರು ವರ್ಷ. ಆಮೇಲೆ ಮದುವೆ, ಇಲ್ಲಾ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು. ಆಸೆ ಇರೋರು ಓದ್ತಾರೆ ಅಂತೀಯಲ್ಲ, ಕಂಡೇ ಇರದಿದ್ದನ್ನು ಆಸೆಪಡೋದು ಹೇಗೆ?

ಶಿಷ್ಯೆ: ಅವಳಿಗೆ ಬೇಕಾಗಿರೋದು ಕೆಲಸ ಸರ್. ಅದನ್ನು ಮರೆಯಬೇಡಿ.

ಮೇಷ್ಟ್ರು: ಮರೆತಿಲ್ಲ. ಕೆಲಸ ಬೇಕಾದವಳಿಗೆ ಬರೀ ಕೆಲಸದ್ದನ್ನೇ ಕಲಿಸಿದರೆ ಸಾಕು ಅನ್ನೋ ತೀರ್ಮಾನವನ್ನು ಬಡವರ ಮಕ್ಕಳ ವಿಷಯದಲ್ಲಿ ಮಾತ್ರ ನಾವು ಇಷ್ಟು ಸುಲಭವಾಗಿ ಮಾಡ್ತೀವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಪದವಿ ತರಗತಿ ಶುರು ಮಾಡಿತು. ದೇಶದ ಅತಿ ಜಾಣ ಮಕ್ಕಳು, ವಿಜ್ಞಾನಕ್ಕೇ ಅಂತ ಬಂದವರು. ಅವರಿಗೂ ಮೊದಲ ಸೆಮಿಸ್ಟರ್‌ಗಳಲ್ಲಿ ಮಾನವಿಕ ವಿಷಯಗಳನ್ನು ಕಡ್ಡಾಯ ಮಾಡಿದರು. ಐಐಟಿಗಳಲ್ಲಿ ಬಿಟೆಕ್ ಓದೋ ಹುಡುಗ ಅರ್ಥಶಾಸ್ತ್ರವೋ ತತ್ವಶಾಸ್ತ್ರವೋ ಸಾಹಿತ್ಯವೋ ಒಂದಿಷ್ಟು ಓದದೆ ಹೊರಗೆ ಬರೋ ಹಾಗಿಲ್ಲ. ಅಲ್ಲಿ ಯಾರೂ, ಇವನಿಗೆ ಕೆಲಸ ಬೇಕು, ತತ್ವಶಾಸ್ತ್ರ ಯಾಕೆ ಅಂತ ಕೇಳಲಿಲ್ಲ. ನಮ್ಮ ತಾಲ್ಲೂಕಿನ ಕಾಲೇಜಿಗೆ ಬಂದ ಕೂಡಲೇ ಆ ಪ್ರಶ್ನೆ ಏಳುತ್ತೆ. ಮೇಲಿನವರಿಗೆ ಪೂರ್ತಿ ಓದು, ಕೆಳಗಿನವರಿಗೆ ಕಸುಬಿನಷ್ಟು ಓದು. ಇದನ್ನು ನಾನು ಒಪ್ಪಲಾರೆ.

ಶಿಷ್ಯೆ: ಇಂಗ್ಲೆಂಡಿನಲ್ಲಿ ಹಾಗಿಲ್ಲವಲ್ಲ. ಕೇಂಬ್ರಿಜ್‌ಗೆ ವಿಜ್ಞಾನ ಓದೋಕೆ ಹೋದವನು ಮೂರು ವರ್ಷ ವಿಜ್ಞಾನವನ್ನೇ ಓದ್ತಾನೆ. ಅಲ್ಲಿಂದ ಬಂದ ನೊಬೆಲ್ ವಿಜ್ಞಾನಿಗಳೇನು ಕಮ್ಮಿಯಾ?

ಮೇಷ್ಟ್ರು: ಕಮ್ಮಿಯಿಲ್ಲ. ಒಳ್ಳೆಯ ವಿಜ್ಞಾನಿ ಆಗೋಕೆ ಇತಿಹಾಸ ಓದಲೇಬೇಕು ಅಂತ ನಾನು ಹೇಳೋದೂ ಇಲ್ಲ, ಅದು ಸುಳ್ಳಾಗುತ್ತೆ. ಆದರೆ ನಿಮ್ಮ ಕಾಲೇಜಿಂದ ಹೊರಬರೋ ನೂರು ಮಂದಿಯಲ್ಲಿ ವಿಜ್ಞಾನಿ ಆಗೋರು ಎಷ್ಟು? ಪಂಚಾಯಿತಿ ಸದಸ್ಯರು, ಶಾಲಾ ಶಿಕ್ಷಕಿಯರು, ಪಿಡಿಒಗಳು, ತಾಯಂದಿರು, ಹೊಲ ಮಾಡೋರು ಆಗ್ತಾರೆ. ಸ್ವಾತಂತ್ರ್ಯ ಬಂದ ಮರುವರ್ಷವೇ ಸರ್ವೇಪಲ್ಲಿ ರಾಧಾಕೃಷ್ಣನ್ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಕೂತಿತು. ಪದವಿ ಓದೋ ಎಲ್ಲರಿಗೂ ಸಾಮಾನ್ಯ ಶಿಕ್ಷಣ ಇರಬೇಕು, ವಿಜ್ಞಾನದವನಿಗೆ ಸಮಾಜ ಗೊತ್ತಿರಬೇಕು, ಕಲೆಯವನಿಗೆ ವಿಜ್ಞಾನ ಗೊತ್ತಿರಬೇಕು ಅಂತ ಅವರು 1949ರಲ್ಲೇ ಬರೆದುಕೊಟ್ಟರು. ಹೊಸದಾಗಿ ವೋಟು ಸಿಕ್ಕಿದ ದೇಶಕ್ಕೆ ಬೇಕಾದ ಮಾತು ಅದು.

ಶಿಷ್ಯೆ: ಬರೆದುಕೊಟ್ಟರು, ಉಳಿಯಲಿಲ್ಲ. ಯಾಕೆ ಉಳಿಯಲಿಲ್ಲ ಅಂತ ಕೇಳಿದರೆ ನಾನು ಆಗಲೇ ಹೇಳಿದ್ದೇ ಉತ್ತರ. ಕಲಿಸೋರಿಗೆ ಅದು ಉಳಿದ ಕೆಲಸ, ಕಲಿಯೋರಿಗೆ ಪಾಸಾದರೆ ಸಾಕು ಅನ್ನೋ ಪೇಪರು. ಪರಿಸರ ಅಧ್ಯಯನದ ಕಥೆಯೂ ಅದೇ. ಸುಪ್ರೀಂ ಕೋರ್ಟು ಎಲ್ಲರಿಗೂ ಕಲಿಸಿ ಅಂತ ನಿರ್ದೇಶನ ಕೊಟ್ಟಿತು. ನಮ್ಮ ಮಕ್ಕಳು ಓಜೋನ್ ಪದರದ ಮೇಲೆ ಹತ್ತು ಅಂಕದ ಉತ್ತರ ಬಾಯಿಪಾಠ ಮಾಡ್ತಾರೆ, ತಮ್ಮೂರ ಬೋರ್‌ವೆಲ್ ಎಷ್ಟು ಅಡಿ ಅಂತ ಗೊತ್ತಿಲ್ಲ. ಸರ್, ಅರೆಬರೆ ಕಲಿಸೋದಕ್ಕಿಂತ ಕಲಿಸದೇ ಇರೋದು ಮೇಲು ಅಂತ ನಿಜವಾಗಲೂ ನಂಬ್ತೀನಿ. ಇತಿಹಾಸ ಅಂದರೆ ಬೇಸರ ಅಂತ ಡಿಗ್ರಿಯಲ್ಲೂ ಒಂದು ಸಲ ಕಲಿಸಿಬಿಟ್ಟರೆ ಅವಳು ಜೀವನಪೂರ್ತಿ ಆ ಕಡೆ ತಿರುಗಿ ನೋಡೋದಿಲ್ಲ.

ಮೇಷ್ಟ್ರು: ಈ ಮಾತಿಗೆ ನನ್ನ ಹತ್ತಿರ ಎದುರುತ್ತರ ಇಲ್ಲ. ‘ಭಾರತದ ಇತಿಹಾಸ: ಒಂದು ಪರಿಚಯ’, ‘ದಿನನಿತ್ಯದಲ್ಲಿ ರಸಾಯನಶಾಸ್ತ್ರ’ ಇಂಥ ಪೇಪರುಗಳನ್ನು ನಾನೂ ಬೇಡ ಅಂತೀನಿ. ಐದು ಘಟಕದಲ್ಲಿ ಹರಪ್ಪದಿಂದ ಗಾಂಧೀಜಿಯವರೆಗೆ ಓಡಿದರೆ ಯಾವುದೂ ಉಳಿಯೋದಿಲ್ಲ. ಒಂದೇ ಒಂದು ವಸ್ತು ತಗೊಂಡು ಪೂರ್ತಿ ಸೆಮಿಸ್ಟರ್ ಅದರಲ್ಲೇ ಕೂರಬೇಕು. ನಿನ್ನ ಬಿಎಸ್ಸಿ ಮಕ್ಕಳಿಗೆ ಕೋಲಾರದ ಕೆರೆಗಳು. ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದೇ, ಬಿ.ಎಲ್. ರೈಸ್ 1905ರಲ್ಲಿ ತಂದದ್ದು. ಕೆರೆ ಕಟ್ಟಿಸಿದವರಿಗೆ, ಏರಿ ರಿಪೇರಿ ಮಾಡಿದವರಿಗೆ ಗದ್ದೆ ಬಿಟ್ಟುಕೊಟ್ಟ ಶಾಸನಗಳು ಅದರಲ್ಲಿವೆ. ಅಂಥ ಒಂದು ಶಾಸನ ಓದಲಿ. ಆ ಕೆರೆ ಈಗ ಎಲ್ಲಿದೆ ಅಂತ ಹುಡುಕಲಿ. ತಾಲ್ಲೂಕು ಕಚೇರಿಯಿಂದ ಪಹಣಿ ತರಲಿ, ಊರಿನ ನೀರಗಂಟಿ ಮನೆತನದವರನ್ನು ಮಾತಾಡಿಸಲಿ. ಶಾಸನದಲ್ಲಿರೋದು, ಪಹಣಿಯಲ್ಲಿರೋದು, ಅಜ್ಜ ಹೇಳಿದ್ದು ಒಂದಕ್ಕೊಂದು ತಾಳೆಯಾಗದೆ ಇದ್ದಾಗ ಯಾವುದನ್ನು ಎಷ್ಟು ನಂಬಬೇಕು ಅಂತ ತೀರ್ಮಾನ ಮಾಡೋಕೆ ಒದ್ದಾಡಲಿ. ಅಷ್ಟು ಮಾಡಿದರೆ ಇತಿಹಾಸಕಾರರು ಏನು ಮಾಡ್ತಾರೆ ಅಂತ ಅವಳಿಗೆ ಗೊತ್ತಾಯಿತು. ರಾಜರ ಹೆಸರು ಒಂದೂ ಬರದಿದ್ದರೂ ಚಿಂತೆಯಿಲ್ಲ.

ಶಿಷ್ಯೆ: ಬಿಎ ಮಕ್ಕಳಿಗೆ?

ಮೇಷ್ಟ್ರು: ಅದನ್ನು ನೀನು ಹೇಳು.

ಶಿಷ್ಯೆ: ನೀರೇ. ಅವರವರ ಊರಿನ ಬೋರ್‌ವೆಲ್ ನೀರು ಬಾಟಲಿಯಲ್ಲಿ ತರಲಿ. ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಅಂತ ಭಾರತೀಯ ಮಾನಕ ಹೇಳುತ್ತೆ. ನಮ್ಮ ಜಿಲ್ಲೆಯ ಎಷ್ಟೋ ಕಡೆ ಅದನ್ನು ದಾಟಿದೆ, ಮಕ್ಕಳ ಹಲ್ಲು ನೋಡಿದರೆ ಗೊತ್ತಾಗುತ್ತೆ. ಬೋರ್‌ವೆಲ್ ಆಳ ಹೋದ ಹಾಗೆ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಇಳಿಯೋದು ಹೇಗೆ ಅನ್ನೋದರಿಂದ ಶುರು ಮಾಡ್ತೀನಿ. ಸಮೀಕರಣ ಬೇಕಾದಷ್ಟೇ. ಆದರೆ ಅಳೆಯೋದು ಅವರ ಕೈಯಲ್ಲೇ ಆಗಬೇಕು. ಒಂದೇ ನೀರನ್ನು ಮೂರು ಸಲ ಅಳೆದರೆ ಮೂರು ಬೇರೆ ಸಂಖ್ಯೆ ಯಾಕೆ ಬರುತ್ತೆ ಅಂತ ಅವರು ಕೇಳಬೇಕು. ಆರ್‌ಒ ಘಟಕ ಹಾಕಿದ ಮೇಲೆ ಅದರಿಂದ ಹೊರಬೀಳೋ ಉಪ್ಪುನೀರು ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಬೇಕು.

ಮೇಷ್ಟ್ರು: ಈಗ ಬೇಡ ಅಂತ ಬರೆಯೋಕೆ ಬಂದವಳ ಹಾಗೆ ಮಾತಾಡ್ತಾ ಇಲ್ಲ ನೀನು.

ಶಿಷ್ಯೆ: ಇದು ಬೇರೆ ಸರ್. ಇದಕ್ಕೆ ಮೂವತ್ತು ಮಕ್ಕಳಿಗಿಂತ ಹೆಚ್ಚಿರಬಾರದು. ಲ್ಯಾಬು ಬಿಡುವಿರಬೇಕು. ನಮ್ಮಲ್ಲಿ ರಾಸಾಯನಿಕಕ್ಕೆ ಬರೋ ಅನುದಾನ ಬಿಎಸ್ಸಿಗೇ ಸಾಲೋದಿಲ್ಲ, ಬಿಎ ಮಕ್ಕಳಿಗೆ ಅಂತ ಬೇರೆ ಕೊಡಬೇಕು. ಇದನ್ನೆಲ್ಲ ಬರೆದರೆ ಮಂಡಳಿಯಲ್ಲಿ, ಇದು ಪಠ್ಯಕ್ರಮದ ವಿಷಯ ಅಲ್ಲ ಅಂತಾರೆ.

ಮೇಷ್ಟ್ರು: ಅಂದರೂ ಬರಿ. ದುಡ್ಡಿಲ್ಲದೆ, ಸರಿಯಾದ ಅಧ್ಯಾಪಕರಿಲ್ಲದೆ ಮಾಡೋದಾದರೆ ಬೇಡ ಅಂತಲೂ ಬರಿ. ಆ ಮಾತು ನಿನ್ನದೇ, ಅದನ್ನು ಬಿಟ್ಟುಕೊಡಬೇಡ.

ಶಿಷ್ಯೆ: ಕಡ್ಡಾಯ ಅಂತ ಮಾತ್ರ ನಾನು ಬರೆಯೋದಿಲ್ಲ.

ಮೇಷ್ಟ್ರು: ಯಾಕೆ? ಆರಿಸಿಕೊಳ್ಳೋ ವಿಷಯದಲ್ಲಿ ಕಡ್ಡಾಯ ಬೇಡ, ಯಾವುದಾದರೂ ಒಂದು ಹೊರಗಿನದು ಓದಲೇಬೇಕು ಅನ್ನೋದು ಕಡ್ಡಾಯ ಇರಲಿ. ಇಷ್ಟ ಇದ್ದವರಿಗೆ ಅಂತ ಬಿಟ್ಟರೆ ಬರೋರು ಯಾರು ಗೊತ್ತಾ? ಊರಲ್ಲೇ ಮನೆ ಇದ್ದು ಬಸ್ಸಿನ ಚಿಂತೆ ಇಲ್ಲದವರು, ಮನೆಯಲ್ಲಿ ಓದಿದವರು ಇರೋರು. ಅವರು ಹೇಗೂ ಓದ್ತಾರೆ. ಹಾಲು ಹಾಕಿ ಬಸ್ಸು ಹಿಡಿಯೋ ಹುಡುಗಿ ಬರೋದಿಲ್ಲ.

ಶಿಷ್ಯೆ: ಅವಳೇ ಹಾಜರಿ ಸಾಲದೆ ಪರೀಕ್ಷೆಗೆ ಕೂರೋಕಾಗದೆ ಇರೋಳೂ ಆಗ್ತಾಳೆ. ಕಡ್ಡಾಯ ಮಾಡಿದರೆ ಫೇಲಾಗೋಳು ಅವಳು ಸರ್, ಊರಲ್ಲಿ ಮನೆ ಇರೋರಲ್ಲ. ಕೆಮಿಸ್ಟ್ರಿಯಲ್ಲಿ ಪಾಸಾಗಿ ಹೊರಗಿನ ವಿಷಯದಲ್ಲಿ ಉಳಿದು, ಡಿಗ್ರಿ ಸರ್ಟಿಫಿಕೇಟ್ ಸಿಗದೆ ಅಲೆದವರನ್ನು ನಾನು ನೋಡಿದ್ದೀನಿ.

ಮೇಷ್ಟ್ರು: ಹಾಗಾದರೆ ಹಾಜರಿ ಇರಲಿ, ಬರೆಯೋ ಪರೀಕ್ಷೆ ಬೇಡ. ಕೆಲಸ ನೋಡಿ ಅಂಕ ಕೊಡಿ.

ಶಿಷ್ಯೆ: ಪರೀಕ್ಷೆ ಇಲ್ಲ ಅಂದರೆ ವಿಶ್ವವಿದ್ಯಾಲಯ ಅದನ್ನು ಪೇಪರು ಅಂತಲೇ ಲೆಕ್ಕಕ್ಕೆ ತಗೊಳೋದಿಲ್ಲ. ಲೆಕ್ಕಕ್ಕೆ ಇಲ್ಲದ್ದಕ್ಕೆ ಗಂಟೆ ಕೊಡೋದಿಲ್ಲ. ಗಂಟೆ ಇಲ್ಲದಿದ್ದರೆ ನಮ್ಮ ಇತಿಹಾಸದ ಅತಿಥಿ ಉಪನ್ಯಾಸಕರು ಮುಂದಿನ ಸೆಮಿಸ್ಟರಿಗೆ ಇರೋದಿಲ್ಲ. ಶಾಸನ ಓದೋಕೆ ಬರೋದು ನಮ್ಮಲ್ಲಿ ಅವರೊಬ್ಬರಿಗೇ.

ಮೇಷ್ಟ್ರು: ಅವರಿಗೆ ಶಾಸನ ಓದೋಕೆ ಬರುತ್ತಾ? ಅದನ್ನು ಮೊದಲೇ ಹೇಳಬಾರದಿತ್ತಾ? ಅವರನ್ನು ಕೇಳಿದೆಯಾ, ಈ ಪೇಪರು ಹೇಗಿರಬೇಕು ಅಂತ?

ಶಿಷ್ಯೆ: ಇಲ್ಲ. ಅಭಿಪ್ರಾಯ ಕೇಳಿದ್ದು ಕಾಯಂ ಅಧ್ಯಾಪಕರನ್ನು ಮಾತ್ರ.

ಮೇಷ್ಟ್ರು: ಹಾಗಾದರೆ ಇವತ್ತು ಏನೂ ಬರೆಯಬೇಡ. ಮೊದಲು ಅವರ ಹತ್ತಿರ ಕೂತು ಮಾತಾಡು. ಅಂಕ ಹೇಗೆ ಕೊಡೋದು ಅನ್ನೋದನ್ನು ಅವರಿಂದಲೇ ಬರೆಸಿ, ನಿನ್ನ ಅಭಿಪ್ರಾಯದ ಜೊತೆಗೆ ಸೇರಿಸಿ ಕಳಿಸು. ಅವರ ಹೆಸರೂ ಅದರಲ್ಲಿ ಇರಲಿ.

ಶಿಷ್ಯೆ: ಶುಕ್ರವಾರದೊಳಗೆ ಕಳಿಸಬೇಕು ಸರ್. ಅವರಿಗೆ ಪಾಠ ಇರೋದು ಸೋಮವಾರ, ಗುರುವಾರ. ಗುರುವಾರ ಹಿಡೀತೀನಿ. ಆದರೆ ಕಡ್ಡಾಯದ ಮಾತು ಇನ್ನೂ ಮುಗಿದಿಲ್ಲ, ಅದರಲ್ಲಿ ನಾನು ನಿಮ್ಮ ಜೊತೆ ಇಲ್ಲ.